ನಕ್ಷತ್ರಗಳ ದೂರವೂ ಆಟದ ಗಡಿಯಾರವೂ

ನಮ್ಮ ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ದೂರ 4.24 ಜ್ಯೋತಿರ್ವರ್ಷ. ಅಂಕೆ ಚಿಕ್ಕದು, ಅದನ್ನು ಮನಸ್ಸಿಗೆ ತಂದುಕೊಳ್ಳುವುದು ಮಾತ್ರ ಸುಲಭವಲ್ಲ. ಸೂರ್ಯನಿಗೂ ಭೂಮಿಗೂ ನಡುವಣ 15 ಕೋಟಿ ಕಿಲೋಮೀಟರುಗಳನ್ನು ಒಂದೇ ಮೀಟರಿಗೆ ಇಳಿಸಿ ನಕ್ಷೆ ಬರೆದೆವೆನ್ನೋಣ. ಕಟ್ಟಕಡೆಯ ಗ್ರಹವಾದ ನೆಪ್ಚೂನ್ 30 ಮೀಟರು ದೂರದಲ್ಲಿ, ಶಾಲೆಯ ಅಂಗಳದೊಳಗೇ, ಬಂದು ನಿಲ್ಲುತ್ತದೆ. ಪ್ರಾಕ್ಸಿಮಾವನ್ನು ಗುರುತಿಸಲು ಮಾತ್ರ 268 ಕಿಲೋಮೀಟರು ಹೋಗಬೇಕು. ನಡುವೆ ಇರುವುದೆಲ್ಲ ಬಹುಮಟ್ಟಿಗೆ ಬರಿಯ ಬಯಲು.

1977ರಲ್ಲಿ ಭೂಮಿಯನ್ನು ಬಿಟ್ಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರು ವೇಗದಿಂದ ಸೂರ್ಯನನ್ನು ಬಿಟ್ಟು ದೂರ ಸಾಗುತ್ತಿದೆ. ಅದೇ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರವನ್ನು ಕ್ರಮಿಸಲು ಸುಮಾರು 75,000 ವರ್ಷಗಳು ಬೇಕು. ಅದು ಆ ದಿಕ್ಕಿಗೇ ಹೋಗುತ್ತಿಲ್ಲವೆಂಬುದು ಬೇರೆ ಮಾತು.

ವ್ಯೋಮಯಾನವನ್ನು ಅನುಕರಿಸುವ ಕಂಪ್ಯೂಟರ್ ಆಟಗಳನ್ನು ರಚಿಸುವವರಿಗೆ ಈ ಲೆಕ್ಕ ದೊಡ್ಡ ಸಂಕಟವನ್ನು ತಂದೊಡ್ಡುತ್ತದೆ. ದೂರವನ್ನು ಸರಿಯಾಗಿ ಇಡುವುದು ಅವರಿಗೆ ಕಷ್ಟವಲ್ಲ. ಅಂಕೆಯ ಮುಂದೆ ಸೊನ್ನೆಗಳನ್ನು ಬರೆದರಾಯಿತು. ಆದರೆ ಆಟಗಾರನ ಕೈಯಲ್ಲಿರುವುದು ಒಂದು ಸಂಜೆ. ಆದ್ದರಿಂದ ಎಲ್ಲಿಯಾದರೂ ಒಂದು ಕಡೆ ಸುಳ್ಳು ಹೇಳಲೇಬೇಕು. ಯಾವ ಆಟ ಎಲ್ಲಿ ಸುಳ್ಳು ಹೇಳುತ್ತದೆ, ಅಲ್ಲಿಯೇ ಏಕೆ ಹೇಳುತ್ತದೆ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

2015ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ಆಟ ಆಕಾಶವನ್ನೇ ಕುಗ್ಗಿಸುತ್ತದೆ. ಅಲ್ಲಿನ ಭೂಮಿಯಾದ ಕೆರ್ಬಿನ್ನಿನ ತ್ರಿಜ್ಯ 600 ಕಿಲೋಮೀಟರು. ನಮ್ಮ ಭೂಮಿಯದು 6,371. ಹಾಗಿದ್ದರೂ ಅದರ ಮೇಲ್ಮೈಯ ಗುರುತ್ವ ನಮ್ಮದಷ್ಟೇ! ಇದು ಸಾಧ್ಯವಾಗಬೇಕಾದರೆ ಆ ಗೋಳ ನಮ್ಮ ಭೂಮಿಗಿಂತ ಹತ್ತು ಪಟ್ಟಿಗೂ ಹೆಚ್ಚು ಸಾಂದ್ರವಾಗಿರಬೇಕು. ಕಾಲೇಜಿನ ವಿದ್ಯಾರ್ಥಿಗಳು ನ್ಯೂಟನ್ನನ ಸೂತ್ರದಿಂದ ಇದನ್ನು ತಾವೇ ಸಾಧಿಸಿ ನೋಡಬಹುದು. ಇದರಿಂದ ರಚನಕಾರರಿಗಾದ ಲಾಭ ಸ್ಪಷ್ಟ: ಭೂಮಿಯನ್ನು ಸಮೀಪದಿಂದ ಸುತ್ತಲು ಸೆಕೆಂಡಿಗೆ 7.8 ಕಿಲೋಮೀಟರು ವೇಗ ಬೇಕಾದರೆ, ಕೆರ್ಬಿನ್ನನ್ನು ಸುತ್ತಲು ಸುಮಾರು 2.3 ಸಾಕು. ಗ್ರಹಗಳ ನಡುವಣ ತಿಂಗಳುಗಟ್ಟಲೆಯ ಯಾತ್ರೆಗೆಂದು ಕಾಲವನ್ನು ಲಕ್ಷಪಟ್ಟು ಚುರುಕಾಗಿ ಓಡಿಸುವ ಅನುಕೂಲವನ್ನೂ ಅಲ್ಲಿ ಇರಿಸಿದ್ದಾರೆ. ಆದರೆ ಆ ಜಗತ್ತಿನಲ್ಲಿರುವುದು ಒಂದೇ ಸೂರ್ಯ. ನಿಜವಾದ ಪ್ರಾಕ್ಸಿಮಾವನ್ನು ಅಲ್ಲಿಟ್ಟು ವಾಯೇಜರಿನ ವೇಗದಲ್ಲಿ ಹೊರಟೆವಾದರೆ, ಲಕ್ಷಪಟ್ಟು ಓಡುವ ಗಡಿಯಾರದ ಎದುರಿಗೂ ನಾವು ಒಂಬತ್ತು ತಿಂಗಳು ಹಗಲಿರುಳು ಕುಳಿತಿರಬೇಕಾಗುತ್ತದೆ.

ಇಂಗ್ಲೆಂಡಿನ ಡೇವಿಡ್ ಬ್ರೇಬನ್ನರ ಎರಡು ಆಟಗಳನ್ನು ಹೋಲಿಸುವುದು ಇನ್ನೂ ಬೋಧಪ್ರದ. 1993ರ ‘ಫ್ರಾಂಟಿಯರ್’ನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯಲು ಕಾಲ್ಪನಿಕ ಯಂತ್ರವೊಂದಿದ್ದಿತು. ಆದರೆ ನಕ್ಷತ್ರವನ್ನು ಸೇರಿದ ಮೇಲೆ ಗ್ರಹದತ್ತ ಸಾಗುವ ನೌಕೆ ನ್ಯೂಟನ್ನನ ನಿಯಮಗಳಿಗೆ ಅಧೀನ. ದಿನಗಟ್ಟಲೆ ಹಿಡಿಯುವ ಆ ದಾರಿಯನ್ನು ಗಡಿಯಾರ ಓಡಿಸಿ ನಿಮಿಷಗಳಲ್ಲಿ ಮುಗಿಸಬಹುದಾಗಿತ್ತು. 2014ರ ‘ಎಲೀಟ್ ಡೇಂಜರಸ್’ನಲ್ಲಿ ನಮ್ಮ ಆಕಾಶಗಂಗೆಯನ್ನೇ ನಿಜವಾದ ಪ್ರಮಾಣದಲ್ಲಿ, ಸುಮಾರು 40,000 ಕೋಟಿ ನಕ್ಷತ್ರವ್ಯವಸ್ಥೆಗಳೊಡನೆ, ನಿರ್ಮಿಸಿದರು. ಆದರೆ ಗಡಿಯಾರವನ್ನು ಓಡಿಸುವ ಸೌಕರ್ಯ ಮಾಯವಾಯಿತು. ಅದರ ಬದಲು ನೌಕೆಯು ಗ್ರಹಗಳ ನಡುವೆಯೂ ಬೆಳಕನ್ನು ಮೀರಿ, ಅದರ 2001 ಪಟ್ಟು ವೇಗದವರೆಗೆ, ಧಾವಿಸತೊಡಗಿತು. ನ್ಯೂಟನ್ನನಿಂದ ಹಿಂದೆ ಸರಿದಂತಾಯಿತಲ್ಲವೇ ಎಂದು ವಾಚಕರು ಕೇಳಬಹುದು. ಸರಿದದ್ದು ನಿಜ, ಕಾರಣವೂ ಇದೆ. ಹಳೆಯ ಆಟವನ್ನು ಆಡುವವನು ಒಬ್ಬನೇ. ಹೊಸದನ್ನು ಸಾವಿರಾರು ಮಂದಿ ಏಕಕಾಲದಲ್ಲಿ ಒಂದೇ ಆಕಾಶದಲ್ಲಿ ಆಡುತ್ತಾರೆ. ಒಬ್ಬನು ತನ್ನ ಕಾಲವನ್ನು ಓಡಿಸಿಕೊಂಡರೆ ಉಳಿದವರ ಗತಿಯೇನು?

ಅಷ್ಟು ವೇಗವಿದ್ದೂ ದೂರವು ತನ್ನ ಬಿಗುವನ್ನು ಬಿಡುವುದಿಲ್ಲ. ಆಲ್ಫಾ ಸೆಂಟಾರಿಗೆ ನೆಗೆದ ನೌಕೆ ಅಲ್ಲಿನ ದೊಡ್ಡ ನಕ್ಷತ್ರದ ಬಳಿ ಇಳಿಯುತ್ತದೆ. ಹಟ್ಟನ್ ಎಂಬ ನಿಲ್ದಾಣವಿರುವುದು ಅಲ್ಲಿಂದ 0.22 ಜ್ಯೋತಿರ್ವರ್ಷದಾಚೆ, ಪ್ರಾಕ್ಸಿಮಾದ ಪಕ್ಕದಲ್ಲಿ. ಬೆಳಕಿಗೆ ಇದು ಸುಮಾರು 69 ಲಕ್ಷ ಸೆಕೆಂಡುಗಳ ದಾರಿ. 2001ರಿಂದ ಭಾಗಿಸಿದರೆ 58 ನಿಮಿಷ. ವೇಗ ಏರಿಸಿ ಇಳಿಸುವ ಹೊತ್ತೂ ಸೇರಿ, ಆಟ ಹೊರಬಂದ ಕಾಲದ ಸಾಮಾನ್ಯ ನೌಕೆಗೆ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತಿತ್ತು. ಅಲ್ಲಿ ದೊಡ್ಡ ನೌಕೆಯೊಂದನ್ನು ಬಿಟ್ಟಿಯಾಗಿ ಕೊಡುತ್ತಾರೆಂದು ಹೇಳಿ ಹೊಸಬರನ್ನು ಅಟ್ಟುವುದು ಹಳಬರ ವಿನೋದ. ಆ ಗಂಟೆಯ ಬೇಸರವೇ ಆಟದಲ್ಲಿನ ಉತ್ತಮ ಖಗೋಳಪಾಠವೆಂದು ನನ್ನ ಎಣಿಕೆ.

ಬೆಳಕನ್ನು ಮೀರದೆ, ಐನ್‌ಸ್ಟೈನರ ನಿಯಮಗಳಿಗೆ ಒಪ್ಪುವಂತೆ ಆಟ ಕಟ್ಟಲಾಗದೇ? ಭೂಮಿಯ ಗುರುತ್ವದಷ್ಟೇ ವೇಗೋತ್ಕರ್ಷದಿಂದ ಅರ್ಧ ದಾರಿಯವರೆಗೆ ಓಡಿ, ಉಳಿದರ್ಧದಲ್ಲಿ ಅಷ್ಟೇ ಪ್ರಮಾಣದಲ್ಲಿ ವೇಗವನ್ನು ತಗ್ಗಿಸುತ್ತ ಹೋಗುವ ನೌಕೆಯನ್ನು ಭಾವಿಸೋಣ. ಇಂಧನದ ಮಾತು ಸದ್ಯಕ್ಕಿರಲಿ. ನಡುದಾರಿಯಲ್ಲಿ ಅದರ ವೇಗ ಬೆಳಕಿನ ವೇಗದ ಶೇಕಡ 95ರಷ್ಟಾಗುತ್ತದೆ. ಪ್ರಾಕ್ಸಿಮಾವನ್ನು ಮುಟ್ಟುವಷ್ಟರಲ್ಲಿ ನೌಕೆಯ ಗಡಿಯಾರದಲ್ಲಿ ಮೂರೂವರೆ ವರ್ಷ ಕಳೆದಿರುತ್ತದೆ. ಭೂಮಿಯ ಗಡಿಯಾರದಲ್ಲಿ ಸುಮಾರು 5 ವರ್ಷ 10 ತಿಂಗಳು. ಒಬ್ಬನೇ ಆಡುವ ಆಟದಲ್ಲಿ ಈ ವ್ಯತ್ಯಾಸವನ್ನು ತೆರೆಯ ಮೂಲೆಯಲ್ಲಿ ಎರಡು ಅಂಕೆಗಳಾಗಿ ಬರೆದುಬಿಡಬಹುದು. ಗೆಳೆಯರಿಬ್ಬರು ಆಡುವಾಗ, ಒಬ್ಬನು ನೌಕೆಯಲ್ಲಿ, ಇನ್ನೊಬ್ಬನು ಭೂಮಿಯಲ್ಲಿ ಇದ್ದರೆ, ಯಾರ ಗಡಿಯಾರವನ್ನು ಆಟದ ಗಡಿಯಾರವೆನ್ನಬೇಕು? ಇಬ್ಬರೂ ಸಂಜೆ ಆರು ಗಂಟೆಗೆ ಕೂಡಿ ಕುಳಿತವರು. ಎಂಟಕ್ಕೆ ಇಬ್ಬರೂ ಊಟಕ್ಕೆ ಏಳಬೇಕು.