ಕೈ ಜೋಮು ಹಿಡಿದರೆ ಸೈಕಲ್ ಬಿಡಬೇಕೆ?

ಗುಡ್ಡದ ಹಾದಿಯಲ್ಲಿ ಸೈಕಲ್ ತುಳಿಯುವ ಹವ್ಯಾಸ ನಿಮಗೋ ನಿಮ್ಮ ಮಕ್ಕಳಿಗೋ ಇದ್ದರೆ ಈ ತೊಂದರೆ ಪರಿಚಿತವಿರಬಹುದು. ಕಲ್ಲುಮಣ್ಣಿನ ದಾರಿಯಲ್ಲಿ ಒಂದೆರಡು ಗಂಟೆ ಮೌಂಟನ್ ಬೈಕ್ ಓಡಿಸಿ ಬಂದ ಮೇಲೆ ಬೆರಳುಗಳು ಜೋಮು ಹಿಡಿದಿರುತ್ತವೆ. ಅಂಗಿಯ ಗುಂಡಿ ಹಾಕಲೂ ತಡವರಿಸಬೇಕಾಗುತ್ತದೆ. ಕೆಲವರಿಗೆ ತೋಳಿನುದ್ದಕ್ಕೂ ಚಳುಕು. ಮನೆಯವರು ‘ಸೈಕಲ್ ಮಾರಿಬಿಡು’ ಎನ್ನುತ್ತಾರೆ. ಅಷ್ಟು ಅವಸರ ಬೇಡ. ನರ ಎಲ್ಲಿ ಒತ್ತುತ್ತಿದೆ ಎಂಬುದು ಗೊತ್ತಾದರೆ ಹೆಚ್ಚಿನವರು ಸವಾರಿ ಮುಂದುವರಿಸಬಹುದು.

ಮೊದಲು ಯಾವ ಬೆರಳು ಎಂದು ಗಮನಿಸಿ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಮರಗಟ್ಟಿದ್ದರೆ ತೊಂದರೆ ಅಲ್ನಾರ್ ನರದ್ದು. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುತ್ತದಲ್ಲ, ಅದೇ ನರ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಎರಡು ಸಣ್ಣ ಮೂಳೆಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಅದು ಹಾದುಹೋಗುತ್ತದೆ. ಹ್ಯಾಂಡಲ್ ಮೇಲೆ ನಿಮ್ಮ ಮೈಭಾರ ಬೀಳುವುದು ಸರಿಯಾಗಿ ಅಲ್ಲೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮುಗಟ್ಟಿದರೆ ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರ ಒತ್ತಿದೆ ಎನ್ನಬಹುದು. ನೋವು ಕತ್ತಿನಿಂದಲೇ ಹೊರಟು ಭುಜ, ತೋಳುಗಳಲ್ಲಿ ಇಳಿಯುತ್ತಿದ್ದರೆ, ತಲೆ ಹಿಂದಕ್ಕೆ ವಾಲಿಸಿದಾಗ ಹೆಚ್ಚುತ್ತಿದ್ದರೆ, ಅಂಗೈಯನ್ನು ನೆತ್ತಿಯ ಮೇಲಿಟ್ಟಾಗ ಹಾಯೆನಿಸಿದರೆ, ಮೂಲ ಕತ್ತಿನಲ್ಲಿರುವ ಸಂಭವ ಹೆಚ್ಚು.

ಅರ್ಧ ಚಿಕಿತ್ಸೆ ಸೈಕಲ್ಲಿನಲ್ಲೇ ಇದೆ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬರುತ್ತದೆ. ಅದನ್ನು ಮಟ್ಟಸವಾಗಿ ಇರಿಸಿ. ಹ್ಯಾಂಡಲ್ ತೀರಾ ತಗ್ಗಿನಲ್ಲಿದ್ದರೆ ಅಥವಾ ದೂರವಿದ್ದರೆ ಎತ್ತರಿಸಿ, ಹತ್ತಿರಕ್ಕೆ ತರಿಸಿ. ಕತ್ತಿನ ತೊಂದರೆಯವರಿಗೆ ಇದು ಎಲ್ಲಕ್ಕಿಂತ ಮುಖ್ಯ. ತಗ್ಗಿದ ಹ್ಯಾಂಡಲ್ ಹಿಡಿದು ದಾರಿ ನೋಡಲು ಗದ್ದ ಎತ್ತಿದಾಗ, ಬೆನ್ನುಮೂಳೆಯಿಂದ ನರ ಹೊರಬರುವ ಕಿಂಡಿಗಳು ಕಿರಿದಾಗುತ್ತವೆ. ಬ್ರೇಕ್ ಹಿಡಿಯುವಾಗ ಮುಂಗೈ ಮತ್ತು ಹಸ್ತ ಒಂದೇ ನೇರದಲ್ಲಿರಬೇಕು, ಮಣಿಕಟ್ಟು ಮುರಿದಂತಿರಬಾರದು. ಅಂಗೈಯ ಅಂಚಿಗೆ ಅಗಲವಾದ ಆಸರೆ ಕೊಡುವ ಹಿಡಿಕೆಗಳು ಸಿಗುತ್ತವೆ; ಮೆತ್ತೆಯ ಕೈಗವಸಿಗಿಂತ ಅವೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ದಪ್ಪ ಗವಸು ಹಾಕಿದವರು ಹ್ಯಾಂಡಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಟೈರಿನಲ್ಲಿ ಗಾಳಿ ಅತಿಯಾದರೆ ಪ್ರತಿ ಕಲ್ಲಿನ ಪೆಟ್ಟೂ ಅಂಗೈಗೇ. ಸಮತಟ್ಟಾದ ಕಡೆ ಆಗಾಗ ಹಿಡಿತ ಬದಲಿಸಿ, ಮೊಣಕೈ ಸ್ವಲ್ಪ ಮಡಿಸಿರಿ.

ನೋವು ಜೋರಾಗಿರುವಾಗ ಒರಟು ಹಾದಿ ಬಿಡಿ, ಸೈಕಲ್ ಬಿಡಬೇಕಾಗಿಲ್ಲ. ಡಾಂಬರು ರಸ್ತೆಯಲ್ಲಿ ಅರ್ಧ ಗಂಟೆ ಸಾಕು. ಜೋಮು ಅಂದೇ ಇಳಿದು ಮರುದಿನ ಕೈ ಹಗುರವಿದ್ದರೆ ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಕತ್ತಿನಿಂದ ಬಂದ ನರದ ನೋವು ಬಹಳ ಜನಕ್ಕೆ ಶಸ್ತ್ರಚಿಕಿತ್ಸೆಯಿಲ್ಲದೆಯೇ 6ರಿಂದ 12 ವಾರಗಳಲ್ಲಿ ತಗ್ಗುತ್ತದೆ. ಅಷ್ಟರೊಳಗೆ ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸುವ ಸಾಹಸ ದಯವಿಟ್ಟು ಬೇಡ.

ಆದರೆ ನೋವಿಗಿಂತ ಹೆಚ್ಚು ಹೆದರಬೇಕಾದದ್ದು ಬಲ ಕುಗ್ಗುವುದಕ್ಕೆ. ಹೆಬ್ಬೆರಳು, ತೋರುಬೆರಳುಗಳ ನಡುವೆ ಈ ಪತ್ರಿಕೆಯ ಒಂದು ಹಾಳೆ ಹಿಡಿದು ಇನ್ನೊಬ್ಬರಿಗೆ ಎಳೆಯಲು ಹೇಳಿ. ಹಿಡಿಯಲು ಹೆಬ್ಬೆರಳಿನ ತುದಿ ಬಾಗಿಸಬೇಕಾದರೆ ಅಥವಾ ಆ ಎರಡು ಬೆರಳುಗಳ ನಡುವಿನ ಮಾಂಸ ಕುಗ್ಗಿ ಗುಳಿ ಬಿದ್ದಿದ್ದರೆ ಸವಾರಿ ನಿಲ್ಲಿಸಿ ನರರೋಗ ತಜ್ಞರನ್ನು ಕಾಣಿರಿ. ಹಾನಿಯಾದ ನರದ ತಂತು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ, ತಡಮಾಡಿದಷ್ಟೂ ನಷ್ಟ. ನಡಿಗೆ ತೊಡರುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಎದೆ ಬಿಗಿತ, ಬೆವರಿನ ಜೊತೆಗೆ ಬರುವ ಎಡಗೈ ನೋವನ್ನಂತೂ ನರದ್ದೆಂದು ತಳ್ಳಿಹಾಕಲೇಬೇಡಿ.

ಎರಡೂ ಕೈಗಳಲ್ಲಿ ಜೋಮಿದ್ದು, ಸವಾರಿ ಇಲ್ಲದ ದಿನಗಳಲ್ಲೂ ಕಾಡುತ್ತಿದ್ದರೆ ಸಕ್ಕರೆ, ಥೈರಾಯಿಡ್ ಮತ್ತು ಬಿ-12 ಜೀವಸತ್ವದ ರಕ್ತಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಅಪರೂಪವಲ್ಲ. ವೈದ್ಯರಲ್ಲಿಗೆ ಹೋಗುವಾಗ, ನೀವು ಸೈಕಲ್ ಮೇಲೆ ಕುಳಿತಿರುವ ಒಂದು ಫೋಟೋವನ್ನು ಪಕ್ಕದಿಂದ ತೆಗೆಸಿ ಒಯ್ಯಿರಿ. ನಿಮ್ಮ ಕತ್ತು, ಮಣಿಕಟ್ಟು ಹೇಗೆ ಬಾಗುತ್ತವೆ ಎಂಬುದು ಅದರಲ್ಲಿ ಅವರಿಗೆ ಕಾಣುತ್ತದೆ.