ಸೆನ್ಸರ್ ಬದಲಿಸುವ ಮುನ್ನ ವೈರ್ ನೋಡಿ

ಕ್ಲಚ್ ಪ್ಲೇಟ್ ಹಾಕಿಸಿಕೊಂಡು ಬಂದ ಕೆಲವೇ ದಿನಗಳಲ್ಲಿ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿದ್ದು ಏಳದೇ ಹೋಗುವುದು ಮ್ಯಾನುವಲ್ ಗೇರ್ ಕಾರುಗಳಲ್ಲಿ ಅಪರೂಪವೇನಲ್ಲ. ಜೊತೆಗೆ ಚೆಕ್ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಸಿಗ್ನಲ್ ಬಳಿ ಕ್ಲಚ್ ಒತ್ತಿ ನಿಲ್ಲಿಸುವಾಗ ಎಂಜಿನ್ ಆಫ್ ಆಗುವುದೂ ಉಂಟು. ‘ಸ್ಪೀಡ್ ಸೆನ್ಸರ್ ಹೋಗಿದೆ, ಹೊಸದು ಹಾಕೋಣ’ ಎಂಬ ಮಾತು ಗ್ಯಾರೇಜಿನಲ್ಲಿ ಬೇಗ ಬರುತ್ತದೆ. ಹೊಸದು ಹಾಕಿದ ಮೇಲೂ ಮುಳ್ಳು ಏಳದಿದ್ದರೆ ದುಡ್ಡೂ ಹೋಯಿತು, ದಿನವೂ ಹೋಯಿತು. ಅದಕ್ಕೇ ಮೊದಲು ವೈರ್ ನೋಡಬೇಕು.

ಕಾರಣ ಸರಳ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಅದಕ್ಕೂ ಮುನ್ನ ಸ್ಪೀಡ್ ಸೆನ್ಸರ್ ಮತ್ತು ರಿವರ್ಸ್ ಲೈಟ್ ಸ್ವಿಚ್‌ನ ಕನೆಕ್ಟರ್ ಬಿಚ್ಚಬೇಕು, ವೈರಿಂಗನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಕಳಚಬೇಕು. ವರ್ಷಗಟ್ಟಲೆ ಎಂಜಿನ್ ಬಿಸಿ ಕುಡಿದ ಕ್ಲಿಪ್ ಮುಟ್ಟಿದರೆ ಮುರಿಯುತ್ತದೆ. ಕ್ಲಿಪ್ ಇಲ್ಲದ ವೈರ್ ಜೋತುಬಿದ್ದು ತಿರುಗುವ ಡ್ರೈವ್ ಶಾಫ್ಟಿಗೆ ತಾಗುತ್ತದೆ, ಇಲ್ಲವೇ ಬೆಲ್ ಹೌಸಿಂಗ್ ಮತ್ತು ಎಂಜಿನ್ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಗೇರ್‌ಬಾಕ್ಸ್ ಬಿಚ್ಚದ ಕಾರಿನಲ್ಲಾದರೆ ಇಲಿಯ ಮೇಲೆ ಅನುಮಾನಪಡಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಅವಕ್ಕೆ ಒಳ್ಳೆಯ ಮನೆ.

ಮೊದಲು ನಿಮ್ಮ ಕಾರಿನ ಗೇರ್‌ಬಾಕ್ಸಿನಲ್ಲಿ ಸ್ಪೀಡ್ ಸೆನ್ಸರ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಎಬಿಎಸ್ ಇರುವ ಎಷ್ಟೋ ಕಾರುಗಳು ವೇಗವನ್ನು ಚಕ್ರದ ಸೆನ್ಸರ್‌ಗಳಿಂದಲೇ ತಿಳಿದುಕೊಳ್ಳುತ್ತವೆ. ಇಲ್ಲಿ ಹೇಳುತ್ತಿರುವುದು ಗೇರ್‌ಬಾಕ್ಸ್ ಮೇಲೆ ಮೂರು ವೈರಿನ ಸೆನ್ಸರ್ ಕೂತಿರುವ ಕಾರುಗಳ ಬಗ್ಗೆ.

ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ. ಪಿ0500 ಬಂದರೆ ವೇಗದ ಮಾಹಿತಿ ಎಂಜಿನ್ ಕಂಪ್ಯೂಟರ್‌ಗೆ ಸರಿಯಾಗಿ ತಲುಪುತ್ತಿಲ್ಲ ಎಂದರ್ಥ. ಪಿ0503 ಬಂದರೆ ಮಾಹಿತಿ ಬಿಟ್ಟುಬಿಟ್ಟು ಬರುತ್ತಿದೆ; ಲೂಸ್ ಕನೆಕ್ಟರ್ ಅಥವಾ ಅರೆಬರೆ ತುಂಡಾದ ವೈರ್ ಇರಬಹುದು. ಕೋಡ್ ಯಾವ ಸರ್ಕ್ಯೂಟಿನಲ್ಲಿ ತೊಂದರೆ ಎಂದಷ್ಟೇ ಹೇಳುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ.

<b>ಕಣ್ಣು, ಕೈ, ಆಮೇಲೆ ಮೀಟರ್</b>

ಎಂಜಿನ್ ತಣ್ಣಗಾಗಲಿ. ಟಾರ್ಚ್ ಹಿಡಿದು ಸೆನ್ಸರ್‌ನಿಂದ ಹಿಂದಕ್ಕೆ ವೈರ್ ಜಾಡು ಹಿಡಿಯಿರಿ. ಕನೆಕ್ಟರ್ ‘ಟಕ್’ ಎಂದು ಲಾಕ್ ಆಗಿದೆಯೇ? ಬಿಚ್ಚಿ ಒಳಗಿನ ಪಿನ್ ನೋಡಿ. ಹಸಿರು ಪುಡಿ ಕಟ್ಟಿದ್ದರೆ ನೀರು ಹೊಕ್ಕಿದೆ. ಪಿನ್ ಹಿಂದಕ್ಕೆ ಸರಿದಿದ್ದರೆ ತೊಂದರೆ ಅಲ್ಲೇ ಇದೆ. ಡ್ರೈವ್ ಶಾಫ್ಟಿಗೆ ಉಜ್ಜಿದ ವೈರಿನ ಗುರುತು ಸ್ಪಷ್ಟ: ಕಪ್ಪು ಸ್ಲೀವ್ ಒಂದು ಬದಿಯಲ್ಲಿ ಮಾತ್ರ ಹೊಳಪಾಗಿ ಸವೆದು, ನಡುವೆ ತಾಮ್ರದ ಎಳೆ ಇಣುಕುತ್ತಿರುತ್ತದೆ. ಹೊರಗೆ ಏನೂ ಕಾಣದಿದ್ದರೆ ವೈರನ್ನು ಬೆರಳಲ್ಲಿ ಅಷ್ಟಷ್ಟೇ ಬಗ್ಗಿಸುತ್ತ ಹೋಗಿ. ಒಳಗೆ ತುಂಡಾದ ಕಡೆ ಅದು ಬಿಗುವಿಲ್ಲದೆ ಮಡಚಿಕೊಳ್ಳುತ್ತದೆ.

ಈಗ ಮಲ್ಟಿಮೀಟರ್. ಕನೆಕ್ಟರ್ ಬಿಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ವೈರಿಂಗ್ ಬದಿಯ ಮೂರು ಪಿನ್‌ಗಳಲ್ಲಿ ಒಂದು ಸಪ್ಲೈ, ಒಂದು ಅರ್ಥ್, ಒಂದು ಸಿಗ್ನಲ್. ಸಪ್ಲೈ ಮತ್ತು ಅರ್ಥ್ ನಡುವೆ ಕಾರಿಗೆ ತಕ್ಕಂತೆ 12 ಅಥವಾ 5 ವೋಲ್ಟ್ ಬರಬೇಕು. ಬರದಿದ್ದರೆ ಮೀಟರಿನ ಮೈನಸ್ ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೇ ಹಿಡಿದು ಮತ್ತೆ ನೋಡಿ. ಆಗ ವೋಲ್ಟೇಜ್ ಬಂದರೆ ಅರ್ಥ್ ವೈರ್ ತುಂಡಾಗಿದೆ. ಆಗಲೂ ಬರದಿದ್ದರೆ ಸಪ್ಲೈ ವೈರ್ ಅಥವಾ ಫ್ಯೂಸ್ ನೋಡಿ. ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಈ ವೈರ್‌ಗಳಿಗೆ ಹಾಕಲೇಬೇಡಿ. ಅದು ಎಳೆಯುವ ಕರೆಂಟ್ ಕಂಪ್ಯೂಟರ್‌ಗೆ ಹಾನಿ ಮಾಡಬಹುದು.

ಸಪ್ಲೈ, ಅರ್ಥ್ ಎರಡೂ ಸರಿ ಇದ್ದರೆ ಸಿಗ್ನಲ್ ಪರೀಕ್ಷೆ. ಕನೆಕ್ಟರ್ ಮತ್ತೆ ಹಾಕಿ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕೀ ಆನ್ ಇರಲಿ. ಸಿಗ್ನಲ್ ವೈರಿಗೆ ಕನೆಕ್ಟರಿನ ಹಿಂಬದಿಯಿಂದ ಮೀಟರ್ ಕಡ್ಡಿ ತೂರಿಸಿ. ವೈರಿನ ಮೈಗೆ ಪಿನ್ ಚುಚ್ಚುವ ಅಭ್ಯಾಸ ಕೆಟ್ಟದ್ದು. ಆ ತೂತಿನಿಂದಲೇ ನಾಳೆ ನೀರು ಇಳಿದು ತಾಮ್ರ ಕೊಳೆಯುತ್ತದೆ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೂ ಮೇಲಕ್ಕೂ ಜಿಗಿಯುತ್ತಿರಬೇಕು.

ಜಿಗಿಯದಿದ್ದರೆ ಕನೆಕ್ಟರ್ ಬಿಚ್ಚಿ, ಸಿಗ್ನಲ್ ಪಿನ್‌ನಲ್ಲಿ ವೋಲ್ಟೇಜ್ ಬರುತ್ತಿದೆಯೇ ನೋಡಿ. ಹೆಚ್ಚಿನ ಕಾರುಗಳಲ್ಲಿ ಈ ವೋಲ್ಟೇಜ್ ಕೊಡುವುದು ಕಂಪ್ಯೂಟರ್ ಅಥವಾ ಮೀಟರ್ ಬೋರ್ಡ್. ಸೆನ್ಸರ್ ಅದನ್ನು ಅರ್ಥ್‌ಗೆ ಎಳೆದು ಬಿಡುವ ಕೆಲಸ ಮಾಡುತ್ತದೆ. ವೋಲ್ಟೇಜ್ ಇಲ್ಲದಿದ್ದರೆ ಸಿಗ್ನಲ್ ವೈರ್ ತುಂಡಾಗಿರಬಹುದು ಅಥವಾ ಬಾಡಿಗೆ ತಾಗುತ್ತಿರಬಹುದು. ವೋಲ್ಟೇಜ್ ಇದ್ದೂ ಜಿಗಿತ ಇಲ್ಲದಿದ್ದರೆ ಮಾತ್ರ ಸೆನ್ಸರ್ ಮೇಲೆ, ಅಥವಾ ಅದನ್ನು ತಿರುಗಿಸುವ ಪ್ಲಾಸ್ಟಿಕ್ ಗೇರಿನ ಮೇಲೆ ತಪ್ಪು ಹೊರಿಸಿ.

<b>ಜೋಡಣೆ ಹೀಗಿರಲಿ</b>

ತುಂಡಾದ ಜಾಗ ಸಿಕ್ಕಿತೆಂದರೆ ಬ್ಯಾಟರಿಯ ಮೈನಸ್ ತೆಗೆಯಿರಿ. ಎರಡು ತುದಿ ತಿರುಚಿ ಮೇಲೆ ಟೇಪ್ ಸುತ್ತುವುದು ರಿಪೇರಿಯಲ್ಲ. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗೆ ನೀರು ಸೇರುತ್ತದೆ. ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಉದ್ದ ಸಾಲದಿದ್ದರೆ ಅದೇ ದಪ್ಪದ ಆಟೋಮೊಬೈಲ್ ವೈರ್ ಸೇರಿಸಿ; ಮನೆಯ ವೈರಿಂಗಿಗೆ ಬಳಸುವ ವೈರ್ ಬೇಡ.

ಜೋಡಿಸುವ ಮೊದಲೇ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವನ್ನು ವೈರಿಗೆ ತೂರಿಸಿಡಿ. ಎರಡು ತುದಿಗಳ ಎಳೆಗಳನ್ನು ಹೆಣೆದು, ರಾಳದ ಫ್ಲಕ್ಸ್ ಇರುವ ಸೋಲ್ಡರ್‌ನಿಂದ ಬೆಸೆಯಿರಿ. ತಗಡಿಗೆ ಬಳಸುವ ಆ್ಯಸಿಡ್ ಫ್ಲಕ್ಸ್ ತಾಮ್ರವನ್ನೇ ತಿನ್ನುತ್ತದೆ. ಸೋಲ್ಡರ್ ಹಿಡಿದ ಭಾಗ ಕಡ್ಡಿಯಂತೆ ಬಿಗಿಯಾಗುವುದರಿಂದ ನಡುಕಕ್ಕೆ ಅದರ ಅಂಚಿನಲ್ಲಿ ಮತ್ತೆ ತುಂಡಾಗುವ ಅಪಾಯವಿದೆ; ಆದ್ದರಿಂದ ಜೋಡಣೆಯ ಎರಡೂ ಬದಿ ವೈರನ್ನು ಟೈ ಹಾಕಿ ಕಟ್ಟಬೇಕು. ಸರಿಯಾದ ಕ್ರಿಂಪಿಂಗ್ ಟೂಲ್ ಇದ್ದರೆ ನೀರು ಹೋಗದ ಕ್ರಿಂಪ್ ಜಾಯಿಂಟ್ ಇನ್ನೂ ಒಳ್ಳೆಯದು. ಮೂರೂ ವೈರ್ ಕಡಿದಿದ್ದರೆ ಜೋಡಣೆಗಳನ್ನು ಒಂದೇ ಜಾಗದಲ್ಲಿ ತರದೆ ಹಿಂದೆ ಮುಂದೆ ಮಾಡಿ. ಕೊನೆಗೆ ಹೊಸ ಸ್ಲೀವ್ ಏರಿಸಿ, ಡ್ರೈವ್ ಶಾಫ್ಟ್ ಮತ್ತು ಸೈಲೆನ್ಸರ್ ಪೈಪಿನಿಂದ ದೂರದಲ್ಲಿ ಹೊಸ ಕ್ಲಿಪ್ ಹಾಕಿ.

ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ, ರಸ್ತೆಗೆ ಇಳಿಯಿರಿ. ಹಳ್ಳಕೊಳ್ಳ ಇರುವ ರಸ್ತೆಯಲ್ಲೂ ಮುಳ್ಳು ನಡುಗದೆ ನಿಂತರೆ, ಕೋಡ್ ಮರಳಿ ಬಾರದಿದ್ದರೆ ಕೆಲಸ ಆಯಿತು.

ಇದೇ ಧೈರ್ಯದಲ್ಲಿ ಎಲ್ಲ ವೈರಿಗೂ ಕೈ ಹಾಕಬೇಡಿ. ಎಬಿಎಸ್ ಚಕ್ರದ ಸೆನ್ಸರ್ ವೈರ್ ಕಡಿದರೆ ಜೋಡಿಸುವ ಬದಲು ಸೆನ್ಸರ್ ಸಮೇತ ಬದಲಿಸುವುದು ಕ್ಷೇಮ, ಅದು ಬ್ರೇಕಿನ ವಿಷಯ. ಹಳದಿ ಕನೆಕ್ಟರಿನ ಏರ್‌ಬ್ಯಾಗ್ ವೈರಿಗೆ ಮೀಟರ್ ಕಡ್ಡಿಯನ್ನೂ ತಾಗಿಸಬಾರದು. ಕಾರು ವಾರಂಟಿಯಲ್ಲಿದ್ದರೆ ಒಂದು ವೈರನ್ನೂ ಕತ್ತರಿಸದೆ, ಹಾಳಾದ ಜಾಗದ ಫೋಟೊ ತೆಗೆದುಕೊಂಡು ನೇರ ಸರ್ವಿಸ್ ಸೆಂಟರಿಗೆ ಹೋಗಿ.