ಕಾಡಿನ ಹೆದ್ದಾರಿಗೆ ಟ್ರೈಲರ್ ಹೊರಡಿಸುವ ಮುನ್ನ

ಬೆಂಗಳೂರಿನ ಮೂಡಲಪಾಳ್ಯ, ಕಾಮಾಕ್ಷಿಪಾಳ್ಯ, ನಾಯಂಡಹಳ್ಳಿಯ ಕಡೆ ಲಾರಿ, ಟ್ರೈಲರ್ ನಂಬಿಕೊಂಡು ಬದುಕುವ ಮನೆಗಳಿವೆ. ಪೀಣ್ಯದಲ್ಲಿ ಯಂತ್ರ ಏರಿಸಿಕೊಂಡು ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿ ವಯನಾಡಿಗೋ ಗೂಡಲೂರಿಗೋ ಹೋಗುವ ಚಾಲಕನಿಗೆ ಬಂಡೀಪುರದ ದಾರಿ ಹಗಲಿನಲ್ಲಿ ಕಣ್ಣಿಗೆ ತಂಪು. ರಾತ್ರಿ ಒಂಬತ್ತು ಕಳೆದ ಮೇಲೆ ಅದೇ ದಾರಿಯಲ್ಲಿ ಗೇಟು ಬಿದ್ದಿರುತ್ತದೆ. ಆಗ ಗೇಟಿನ ಮುಂದೆ ನಿಂತವನಿಗೆ ಎರಡು ವಿಷಯ ಗೊತ್ತಿರಬೇಕು: ತಡೆಯುವ ಅಧಿಕಾರ ಎಲ್ಲಿಂದ ಬಂತು, ತಡೆದವರನ್ನು ತಾನು ಏನು ಕೇಳಬಹುದು. ಎರಡೂ ಗೊತ್ತಿಲ್ಲದ ಚಾಲಕ ಜೇಬಿಗೆ ಕೈ ಹಾಕುತ್ತಾನೆ. ಇದನ್ನು ತಪ್ಪಿಸಬೇಕೆಂಬುದೇ ಈ ಬರಹದ ಉದ್ದೇಶ.

ಅಧಿಕಾರದ ಬೇರು 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂನಲ್ಲಿದೆ. ಸಾರ್ವಜನಿಕ ಸುರಕ್ಷತೆ, ಅನುಕೂಲ, ಇಲ್ಲವೇ ರಸ್ತೆ ಅಥವಾ ಸೇತುವೆಯ ಸ್ವರೂಪ ನೋಡಿ, ಯಾವುದೇ ಬಗೆಯ ವಾಹನದ ಓಡಾಟವನ್ನು ರಾಜ್ಯ ಸರ್ಕಾರವಾಗಲಿ ಅದು ಅಧಿಕಾರ ಕೊಟ್ಟ ಪ್ರಾಧಿಕಾರವಾಗಲಿ ನಿರ್ಬಂಧಿಸಬಹುದು. ಟ್ರೈಲರ್‌ಗಳ ಬಳಕೆಯನ್ನು ಈ ಕಲಂ ಹೆಸರು ಹಿಡಿದೇ ಹೇಳುತ್ತದೆ. ಅದರಲ್ಲಿ ನಾಗರಿಕನ ಪರವಾಗಿರುವ ಮಾತೂ ಇದೆ: ನಿರ್ಬಂಧ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು, ರಸ್ತೆಯಲ್ಲಿ ಅದರ ಫಲಕ ನಿಲ್ಲಿಸಬೇಕು. ಒಂದು ತಿಂಗಳಿಗೆ ಮೀರದ ತಾತ್ಕಾಲಿಕ ನಿರ್ಬಂಧಕ್ಕೆ ಮಾತ್ರ ರಾಜ್ಯಪತ್ರ ಬೇಕಿಲ್ಲ. ಆಗಲೂ ಸ್ಥಳೀಯವಾಗಿ ಪ್ರಚಾರ ಕೊಡಬೇಕು. ಹಾಗಾಗಿ ‘ಇದು ಯಾವ ಆದೇಶದ ಪ್ರಕಾರ ಸಾರ್?’ ಎಂದು ಮರ್ಯಾದೆಯಿಂದ ಕೇಳುವುದು ಉದ್ಧಟತನವಲ್ಲ. ಕೇಳುವ ಹಕ್ಕು ಇದೆ.

ಬಂಡೀಪುರದ ವಿಷಯದಲ್ಲಿ ಉತ್ತರ ಗಟ್ಟಿಯಾಗಿಯೇ ಇದೆ. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಇಲ್ಲಿನ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವುದು ಆಗ ರಾಷ್ಟ್ರೀಯ ಹೆದ್ದಾರಿ 212, ಈಗ 766. ಊಟಿಯ ಕಡೆಗೆ ಹೋಗುವುದು ಆಗ 67, ಈಗ 181. ಒತ್ತಡಕ್ಕೆ ಮಣಿದು ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡರು. ವಕೀಲ ಎಲ್. ಶ್ರೀನಿವಾಸ ಬಾಬು ಹೈಕೋರ್ಟಿಗೆ ಹೋದರು. ಜುಲೈನಲ್ಲೇ ಮಧ್ಯಂತರ ಆದೇಶದಿಂದ ನಿಷೇಧ ಮರಳಿತು, 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆಂಬುಲೆನ್ಸ್, ಅಗ್ನಿಶಾಮಕದಂಥ ತುರ್ತು ವಾಹನಗಳಿಗೂ ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ ಇದೆ. ಟ್ರೈಲರ್‌ಗೆ ಇಲ್ಲ. ಈ ನಿಷೇಧ ಚಾಲಕರಿಗೆ ಕಷ್ಟ ಕೊಡುತ್ತದೆ ಎಂಬುದನ್ನು ಒಪ್ಪಿಯೇ ಹೇಳುತ್ತೇನೆ: ಕತ್ತಲಲ್ಲಿ ಜಿಂಕೆ, ಚಿರತೆ, ಆನೆ ರಸ್ತೆ ದಾಟುವ ಹೊತ್ತಿಗೆ ಭಾರದ ಗಾಡಿ ಬ್ರೇಕ್ ಹಿಡಿದರೂ ಅಷ್ಟು ಬೇಗ ನಿಲ್ಲುವುದಿಲ್ಲ. ಇದು ಪ್ರಾಣಿಗೆ ಮಾತ್ರವಲ್ಲ, ಕ್ಯಾಬಿನ್‌ನಲ್ಲಿ ಕುಳಿತವನ ಜೀವಕ್ಕೂ ಸಂಬಂಧಿಸಿದ್ದು. ಗೇಟಿನಲ್ಲಿ ‘ಏನಾದರೂ ಮಾಡಿ ಬಿಡಿ’ ಎಂದು ಕೇಳುವುದೂ ಬೇಡ, ‘ಇಷ್ಟು ಕೊಟ್ಟರೆ ಬಿಡುತ್ತೇವೆ’ ಎಂಬ ಮಾತಿಗೆ ಒಪ್ಪುವುದೂ ಬೇಡ. ರಾತ್ರಿ ಎಂಟು ಗಂಟೆಯೊಳಗೆ ಗುಂಡ್ಲುಪೇಟೆ ಸೇರುವ ಭರವಸೆ ಇಲ್ಲದಿದ್ದರೆ ನಂಜನಗೂಡಿನ ಕಡೆಯೇ ರಾತ್ರಿ ಕಳೆಯುವುದು ಒಳ್ಳೆಯದು.

ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ವಯನಾಡಿಗೆ ಹೋಗುವ ಬದಲಿ ದಾರಿ ಇದೆ. ಉದ್ದದ ಟ್ರೈಲರ್‌ಗೆ ಕೊಡಗಿನ ತಿರುವುಗಳು ಸುಲಭವಲ್ಲ. ಕೇರಳದ ಬಯಲಿಗೆ ಹೋಗುವ ಭಾರೀ ಲೋಡಿಗೆ ಸೇಲಂ, ಕೊಯಮತ್ತೂರು, ವಾಳಯಾರ್ ದಾರಿಯೇ ವಾಸಿ; ಡೀಸೆಲ್ ಹೆಚ್ಚಾದರೂ ಅದನ್ನು ಬಾಡಿಗೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ಹೆದ್ದಾರಿ 948ರ ದಿಂಬಂ ಘಾಟಿಯನ್ನಂತೂ ಮರೆತುಬಿಡಿ. 27 ತಿರುವಿನ ಆ ದಾರಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹೋಗುತ್ತದೆ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದಂತೆ, ಹನ್ನೆರಡಕ್ಕಿಂತ ಹೆಚ್ಚು ಚಕ್ರದ, 16.2 ಟನ್ ಮೀರಿದ ಗಾಡಿಗೆ ಅಲ್ಲಿ ಹಗಲಲ್ಲೂ ಪ್ರವೇಶವಿಲ್ಲ.

ಕಾಡು ಮುಟ್ಟುವ ಮೊದಲೇ ಒಂದು ತಡೆ ಇದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕ್, ಆಟೊಗಳ ಜೊತೆಗೆ ಟ್ರ್ಯಾಕ್ಟರ್‌ಗಳಿಗೂ (ಟ್ರೈಲರ್ ಇರಲಿ, ಇಲ್ಲದಿರಲಿ) ಬಹು ಅಚ್ಚುಗಳ ಹೈಡ್ರಾಲಿಕ್ ಟ್ರೈಲರ್‌ಗಳಿಗೂ ನಿಷೇಧವಿದೆ. ಅವು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಮಾಮೂಲಿ ಕಂಟೇನರ್ ಟ್ರೈಲರ್‌ಗೆ ಈ ನಿಷೇಧ ತಾಗುವುದಿಲ್ಲ. ಯಾವುದು ಯಾವುದೆಂಬ ವ್ಯತ್ಯಾಸ ಗೊತ್ತಿಲ್ಲದೆ ವಾದಕ್ಕೆ ಇಳಿದವರು ಇದ್ದಾರೆ, ಗೊತ್ತಿಲ್ಲದೆ ದಂಡ ಕಟ್ಟಿದವರೂ ಇದ್ದಾರೆ.

ಇನ್ನು ಭಾರದ ವಿಚಾರ. ಓವರ್‌ಲೋಡ್ ಅನುಮಾನ ಬಂದರೆ ಅಧಿಕೃತ ಅಧಿಕಾರಿ ತೂಕ ಹಾಕಿಸಬಹುದು, ಆದರೆ ಮನಸ್ಸು ಬಂದಲ್ಲಿಗೆ ಕರೆದೊಯ್ಯುವಂತಿಲ್ಲ. ಮುಂದೆ ಸಾಗಬೇಕಾದ ದಾರಿಯ ಯಾವುದೇ ಬಿಂದುವಿನಿಂದ 10 ಕಿ.ಮೀ. ಅಥವಾ ತಲುಪಬೇಕಾದ ಊರಿನಿಂದ 20 ಕಿ.ಮೀ. ಒಳಗಿನ ವೇಬ್ರಿಡ್ಜ್ ಆಗಿರಬೇಕೆಂದು 114ನೇ ಕಲಂ ಹೇಳುತ್ತದೆ. ಹೆಚ್ಚುವರಿ ಮಾಲು ಇಳಿಸುವ ಆದೇಶ ಬರಹದಲ್ಲಿರಬೇಕು. ಇಳಿಸಿದ ಮಾಲಿನ ಹೊಣೆ ಮಾತ್ರ ಚಾಲಕನದೇ. 194ನೇ ಕಲಂನಂತೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000. ತೂಕಕ್ಕೆ ನಿಲ್ಲಿಸದೆ ಓಡಿಸಿದರೆ 40,000. ಮಾಲು ಗಾಡಿಯ ಮೈ ಮೀರಿ ಪಕ್ಕಕ್ಕೋ ಹಿಂದಕ್ಕೋ ಚಾಚಿದ್ದರೂ 20,000. ಸ್ಥಳದಲ್ಲೇ ಇತ್ಯರ್ಥವಾಗುವ ಮೊತ್ತವನ್ನು ರಾಜ್ಯಗಳು ನಿಗದಿ ಮಾಡುತ್ತವೆ. ಕಲಂ ‘ಓಡಿಸಿದವನು’ ಎಂಬಲ್ಲಿಗೇ ನಿಲ್ಲದೆ ‘ಓಡಿಸಲು ಬಿಟ್ಟವನು’ ಎಂದೂ ಹೇಳುತ್ತದೆ. ಮಾಲೀಕ ಮನೆಯಲ್ಲಿ ಕುಳಿತು ‘ಹೇಗಾದರೂ ತಲುಪಿಸು’ ಎಂದು ಫೋನ್ ಮಾಡಿದರೆ ಅವನೂ ಇದರಲ್ಲಿ ಪಾಲುದಾರ. ದಂಡವನ್ನೆಲ್ಲ ಡ್ರೈವರ್ ಸಂಬಳದಲ್ಲಿ ಹಿಡಿಯುವ ಪದ್ಧತಿ ಅನ್ಯಾಯ ಎಂದು ಇಲ್ಲಿ ಹೇಳಲೇಬೇಕು.

ಕಾಯ್ದೆಯ ಪ್ರಕಾರ ‘ಮೋಟಾರು ವಾಹನ’ ಎಂಬ ಮಾತಿನಲ್ಲಿ ಟ್ರೈಲರ್ ಕೂಡ ಸೇರಿದೆ. ಹಾಗಾಗಿ ಎಳೆಯುವ ಗಾಡಿಗೆ ಇನ್ಶೂರೆನ್ಸ್ ಇದ್ದರೆ ಸಾಲದು. ಟ್ರೈಲರ್‌ಗೂ ನೋಂದಣಿ, ಇನ್ಶೂರೆನ್ಸ್ ಬೇಕು, ಎಳೆಯುವ ಗಾಡಿಯ ನಂಬರನ್ನು ಕೊನೆಯ ಟ್ರೈಲರ್ ಮೇಲೂ ಬರೆಸಬೇಕು. ಇದನ್ನು ಸಣ್ಣ ವಿಷಯ ಎಂದುಕೊಂಡವರಿಗೆ ಅಪಘಾತದ ಪರಿಹಾರ ಕಟ್ಟುವ ದಿನ ಮನೆಯೇ ಅಲುಗಾಡುತ್ತದೆ. ದಾಖಲೆ ಕಾಗದದಲ್ಲೇ ಇರಬೇಕೆಂದಿಲ್ಲ, ಡಿಜಿಲಾಕರ್‌ನಲ್ಲಿ ತೋರಿಸಿದರೂ ಒಪ್ಪಬೇಕು. ಲೈಸೆನ್ಸ್ ವಶಕ್ಕೆ ಪಡೆದರೆ ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸಿದಂಥ ಪ್ರಕರಣಗಳಲ್ಲಿ ಆ ಪತ್ರದ ಮೇಲೆ ಗಾಡಿ ಓಡಿಸುವಂತಿಲ್ಲ; ಉಳಿದ ಪ್ರಕರಣಗಳಲ್ಲಿ ಲೈಸೆನ್ಸ್ ವಾಪಸ್ ಬರುವವರೆಗೆ ಅಥವಾ ಪತ್ರದಲ್ಲಿ ಬರೆದ ದಿನಾಂಕದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಓಡಿಸಬಹುದು. ಕೇಸು ಸರಿಯಲ್ಲ ಅನಿಸಿದರೆ ಸ್ಥಳದಲ್ಲಿ ದಂಡ ಕಟ್ಟದೆ ಕೋರ್ಟಿನಲ್ಲಿ ಹೇಳುತ್ತೇನೆ ಎನ್ನಬಹುದು. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲಂಚ ಕೇಳಿದರೆ ಜಾಗ, ಹೊತ್ತು, ಎದೆಯ ಮೇಲಿನ ಹೆಸರು ನೆನಪಿಟ್ಟುಕೊಂಡು ಲೋಕಾಯುಕ್ತಕ್ಕೆ ದೂರು ಕೊಡಿ.

ಕಾಡಿನೊಳಗೆ ಗಾಡಿ ಕೆಟ್ಟರೆ? ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಅಭಯಾರಣ್ಯದೊಳಗೆ ಅನುಮತಿಯಿಲ್ಲದ ಪ್ರವೇಶವನ್ನು ತಡೆಯುತ್ತದೆ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಆ ತಡೆಯಿಂದ ವಿನಾಯಿತಿ ಕೊಡುತ್ತದೆ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯ. ಡಾಂಬರು ಬಿಟ್ಟು ನಾಲ್ಕು ಹೆಜ್ಜೆ ಒಳಗಿಟ್ಟರೆ ಆ ರಕ್ಷಣೆ ಹೋಯಿತು. ಕಲ್ಲು ಹೂಡಿ ಒಲೆ ಹಚ್ಚುವುದು, ಫೋಟೊಗೆ ಇಳಿಯುವುದು ಬೇಡವೇ ಬೇಡ. ಇಂಡಿಕೇಟರ್ ಹಾಕಿ, ಕ್ಯಾಬಿನ್‌ನಲ್ಲೇ ಕುಳಿತು 112ಕ್ಕೋ ಹೆದ್ದಾರಿ ಸಹಾಯವಾಣಿ 1033ಕ್ಕೋ ಫೋನ್ ಮಾಡಿ. ಸಿಗ್ನಲ್ ಸಿಗದಿದ್ದರೆ ಮುಂದೆ ಹೋಗುವ ಗಾಡಿಯವರ ಕೈಲಿ ಮದ್ದೂರು ಅಥವಾ ಮೂಲೆಹೊಳೆ ಚೆಕ್‌ಪೋಸ್ಟಿಗೆ ಹೇಳಿ ಕಳಿಸಿ. ಕೆಟ್ಟ ಗಾಡಿಯನ್ನು ಇನ್ನೊಂದಕ್ಕೆ ಕಟ್ಟಿ ಎಳೆಯುವುದು ಹತ್ತಿರದ ಗ್ಯಾರೇಜಿನವರೆಗೆ ಮಾತ್ರ. 2017ರ ಚಾಲನಾ ನಿಯಮಗಳಂತೆ ಎರಡು ಗಾಡಿಗಳ ನಡುವೆ 5 ಮೀಟರ್ ಮೀರಬಾರದು, ವೇಗ ಗಂಟೆಗೆ 25 ಕಿ.ಮೀ. ದಾಟಬಾರದು, ಎಳೆಸಿಕೊಳ್ಳುತ್ತಿದೆ ಎಂಬ ಫಲಕ ಹಿಂದೆ ಕಾಣಬೇಕು. ಅಪಾಯವಾಗುವಂತೆ ನಿಂತ ಗಾಡಿಯನ್ನು ಪೊಲೀಸರೇ ತೆಗೆಸಿದರೆ ಖರ್ಚು ಮಾಲೀಕನದು.

ಯಾವ ರಸ್ತೆಯಲ್ಲಿ ಯಾವ ನಿರ್ಬಂಧ ಈಗ ಜಾರಿಯಲ್ಲಿದೆ ಎಂಬ ಅನುಮಾನಕ್ಕೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ದಾರಿಯಿದೆ. ‘ಇಂಥ ರಸ್ತೆಯಲ್ಲಿ ಭಾರೀ ವಾಹನ ಮತ್ತು ಟ್ರೈಲರ್ ಸಂಚಾರ ನಿರ್ಬಂಧಿಸಿದ ಎಲ್ಲ ಅಧಿಸೂಚನೆಗಳ ದೃಢೀಕೃತ ಪ್ರತಿ ಕೊಡಿ’ ಎಂದು ಬರೆದು, 10 ರೂಪಾಯಿ ಶುಲ್ಕದೊಂದಿಗೆ ಆ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳಿಸಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಆಮೇಲೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಬಂದ ಪ್ರತಿಯನ್ನು ಆರ್‌ಸಿ, ಎಫ್‌ಸಿ, ಪರ್ಮಿಟ್ ಜೊತೆಗೆ ಅದೇ ಫೈಲಿನಲ್ಲಿಡಿ. ಕೇಸು ಬಿದ್ದು ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಆದಾಯ ಕಡಿಮೆ ಇರುವವರು, ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು.